ಕಾಫಿಯ ನೆಲೆಯನ್ನರಸಿ

ಅನ್ನದ ಮೂಲವನ್ನರಿಯದ ಗೃಹಸ್ಥರು ನಮ್ಮಲ್ಲಿ ವಿರಳ. ಪಟ್ಟಣದಲ್ಲಿಯೇ ಹುಟ್ಟಿ ಬೆಳೆದವರು ಸಹ ಒಂದಲ್ಲ ಒಂದು ದಿನ ಗದ್ದೆಯನ್ನು ಕಂಡಿರುತ್ತಾರೆ. ನಾಟಿ, ಕೊಯ್ಲು, ಒಕ್ಕಣೆ ಎಂಬ ಮಾತುಗಳು ಅವರಿಗೆ ಹೊಸವಲ್ಲ. ದಿನಕ್ಕೆರಡು ಹೊತ್ತು ತಪ್ಪದೆ ಸೇವಿಸುವ ಕಾಫಿಯ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಅದರ ಗಿಡವು ಎಷ್ಟೆತ್ತರ ಬೆಳೆಯುವುದು, ಹೂವು ಯಾವ ಬಣ್ಣದ್ದು, ನಾವು ಬೀಜವೆಂದು ಕರೆಯುವುದು ಹಣ್ಣಿನೊಳಗೆ ಹೇಗೆ ಅಡಗಿರುವುದು ಎಂದು ಕೇಳಿದರೆ, ಡಿಕಾಕ್ಷನ್ನಿನ ಗುಣದೋಷಗಳನ್ನು ಒಂದೇ ಗುಟುಕಿನಲ್ಲಿ ಹೇಳಬಲ್ಲ ರಸಿಕರೂ ಸುಮ್ಮನಾಗುವರು. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತರಷ್ಟು ಕರ್ನಾಟಕದ್ದು. ಅದೂ ಬಹುಮಟ್ಟಿಗೆ ಕೊಡಗು, ಚಿಕ್ಕಮಗಳೂರು, ಹಾಸನ ಎಂಬ ಮೂರೇ ಜಿಲ್ಲೆಗಳದ್ದು. ಬೆಂಗಳೂರಿನಿಂದ ಬೆಳಗ್ಗೆ ಹೊರಟವರು ಮಧ್ಯಾಹ್ನದ ಊಟದ ಹೊತ್ತಿಗೆ ತೋಟದ ನಡುವೆ ನಿಂತಿರಬಹುದು. ಇಷ್ಟು ಸಮೀಪದ ವಸ್ತುವನ್ನು ನೋಡದೆ ಇರುವುದು ಸರಿಯಲ್ಲವೆಂದೆಣಿಸಿ, ಈ ಲೇಖಕನು ಕೊಯ್ಲಿನ ಕಾಲದಲ್ಲಿ ಹಾಸನ, ಬೇಲೂರುಗಳ ಮಾರ್ಗವಾಗಿ ಚಿಕ್ಕಮಗಳೂರಿಗೆ ಹೋಗಿ, ಅಲ್ಲಿಂದ ಬಾಳೆಹೊನ್ನೂರನ್ನೂ ಮಂಗಳೂರನ್ನೂ ನೋಡಿಕೊಂಡು ಬಂದನು.

ಬೇಲೂರು ದಾಟಿದ ಮೇಲೆ ಹವೆಯೇ ಬೇರೆಯಾಗುವುದು. ಚಿಕ್ಕಮಗಳೂರಿನ ಪೇಟೆಯ ಹಿಂದೆ ಚಂದ್ರದ್ರೋಣ ಪರ್ವತಶ್ರೇಣಿಯು ಅರ್ಧಚಂದ್ರಾಕಾರವಾಗಿ ನಿಂತಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ, 6,300 ಅಡಿಗಳಿಗೂ ಮಿಕ್ಕ ಎತ್ತರದ ಮುಳ್ಳಯ್ಯನಗಿರಿಯು ಈ ಶ್ರೇಣಿಯದೇ. ಕೈಮರದ ಬಳಿ ರಸ್ತೆಯು ಬೆಟ್ಟವನ್ನೇರತೊಡಗುವುದು. ಇಕ್ಕೆಲದಲ್ಲಿಯೂ ಎತ್ತರವಾದ ಮರಗಳು. ಅವುಗಳ ಕೆಳಗೆ, ಆಳೆತ್ತರಕ್ಕೆ ಸವರಿ ನಿಲ್ಲಿಸಿದ, ಹೊಳೆಯುವ ಕಡುಹಸುರಿನ ಎಲೆಗಳ ಗಿಡಗಳು. ಕೊಂಬೆಯ ಗೆಣ್ಣುಗೆಣ್ಣಿಗೂ ಗೊಂಚಲುಗಟ್ಟಿದ ಹಣ್ಣು. ಕೆಲವು ಹಸುರು, ಕೆಲವು ಹಳದಿ, ಮಾಗಿದವು ರಕ್ತವರ್ಣ. ತೋಟವೆಂಬ ಮಾತಿನಿಂದ ಮನಸ್ಸಿಗೆ ಬರುವ ಸಾಲು, ಮಡಿ, ಬಿಸಿಲು ಇವೊಂದೂ ಇಲ್ಲಿಲ್ಲ. ಮೊದಲ ಬಾರಿಗೆ ನೋಡುವವರಿಗೆ ಇದು ಕಾಡೆಂದೇ ತೋರುವುದು.

ಇನ್ನೂ ಮೇಲಕ್ಕೆ ಹೋದರೆ ಬಾಬಾಬುಡನ್‌ಗಿರಿಯ ಗುಹೆ. ಹಿಂದೂಗಳೂ ಮುಸಲ್ಮಾನರೂ ಭಕ್ತಿಯಿಂದ ಬರುವ ಸ್ಥಳವಿದು. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸೂಫಿ ಸಂತರು ಮಕ್ಕಾ ಯಾತ್ರೆಯಿಂದ ಹಿಂದಿರುಗುವಾಗ, ಯೆಮನ್ ದೇಶದ ಮೋಖಾ ರೇವಿನಿಂದ ಏಳು ಕಾಫಿ ಬೀಜಗಳನ್ನು ಯಾರಿಗೂ ಕಾಣದಂತೆ ತಂದು ಈ ಗುಡ್ಡದಲ್ಲಿ ಬಿತ್ತಿದರೆಂಬ ಐತಿಹ್ಯವು ಪ್ರಸಿದ್ಧವಾಗಿದೆ. ಬೀಜವು ಏಳೇ ಆಗಿತ್ತೆ, ಸೊಂಟದ ಪಟ್ಟಿಯಲ್ಲಿ ಬಂದಿತೆ, ಗಡ್ಡದಲ್ಲಿ ಬಂದಿತೆ ಎಂಬ ಚರ್ಚೆಗೆ ಕೊನೆಯಿಲ್ಲ. ಹೇಳುವವರು ತಮತಮಗೆ ತೋರಿದಂತೆ ಹೇಳುವರು. ಕಾಫಿಯ ತೌರುಮನೆ ಆಫ್ರಿಕದ ಇಥಿಯೋಪಿಯ. ಅದನ್ನು ಪಾನೀಯವಾಗಿ ರೂಢಿಗೆ ತಂದವರು ಯೆಮನಿನ ಸೂಫಿಗಳು. ಹದಿನೈದನೆಯ ಶತಮಾನದಲ್ಲಿಯೇ ಅವರು ರಾತ್ರಿಯ ಧ್ಯಾನಕ್ಕೆ ನಿದ್ದೆ ಬಾರದಿರಲೆಂದು ಇದನ್ನು ಕುಡಿಯುತ್ತಿದ್ದರು. ಆದುದರಿಂದ ಸಂತನೊಬ್ಬನ ಕೈಯಿಂದ ಈ ಗಿಡವು ನಮಗೆ ಬಂದಿತೆಂಬ ಮಾತು ಅಸಹಜವಾಗಿ ತೋರುವುದಿಲ್ಲ.

ಐತಿಹ್ಯಕ್ಕಿಂತ ಕಡಿಮೆ ಸ್ವಾರಸ್ಯವಲ್ಲದ ಇನ್ನೊಂದು ಸಂಗತಿಗೆ ದಾಖಲೆಗಳ ಆಧಾರವಿದೆ. 1690ರ ದಶಕದ ಕೊನೆಯ ವರ್ಷಗಳಲ್ಲಿ ಡಚ್ ವರ್ತಕರು ನಮ್ಮ ಪಶ್ಚಿಮ ಕರಾವಳಿಯ ಮಲಬಾರಿನಿಂದ ಕಾಫಿಯ ಸಸಿಗಳನ್ನು ಜಾವಾ ದ್ವೀಪಕ್ಕೆ ಸಾಗಿಸಿದರು. ಜಾವಾದಿಂದ ಒಂದು ಗಿಡವು 1706ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನಕ್ಕೆ ಹೋಯಿತು. ಅದರ ಸಂತತಿಯಲ್ಲೊಂದು 1714ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗೆ ಕಾಣಿಕೆಯಾಗಿ ಸಂದಿತು. ಆ ವಂಶದ ಗಿಡಗಳೇ ಮುಂದೆ ಅಮೆರಿಕ ಖಂಡಕ್ಕೆ ದಾಟಿ ಬೆಳೆದವು. ಇಂದು ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಫಿ ಬೆಳೆಯುವ ಬ್ರೆಜಿಲ್ ದೇಶದ ಹಳೆಯ ತೋಟಗಳ ಪೂರ್ವಜರು ನಮ್ಮ ಕರಾವಳಿಯ ನೆಲದಲ್ಲಿ ತಂಗಿಹೋದ ಅತಿಥಿಗಳೆಂದು ಹೇಳಬಹುದು.

ಆದರೂ ಬಹುಕಾಲ ಇಲ್ಲಿ ಕಾಫಿಯು ಹಿತ್ತಿಲ ಗಿಡವಾಗಿಯೇ ಇದ್ದಿತು. 1830ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲೇಯನು ಚಿಕ್ಕಮಗಳೂರಿನ ಬಳಿಯ ಬೆಟ್ಟದ ಮೇಲೆ ತೋಟ ಹಾಕಿದ ನಂತರ, ಐರೋಪ್ಯರು ಒಬ್ಬರ ಹಿಂದೊಬ್ಬರಂತೆ ಮಂಜರಾಬಾದ್, ಕೊಡಗು ಸೀಮೆಗಳಿಗೆ ಬಂದರು. ಘಟ್ಟದ ಕೆಳಗಿನಿಂದ ತುಳುವ ಕೂಲಿಗಳು, ಪೂರ್ವದಿಂದ ತಮಿಳರು ಮೇಸ್ತ್ರಿಗಳ ಮುಂಗಡ ಹಣಕ್ಕೆ ಕಟ್ಟುಬಿದ್ದು ಬಂದು ತೋಟದ ಲೈನುಗಳಲ್ಲಿ ವಾಸಮಾಡಿದರು. ಕಾಫಿಯ ಇತಿಹಾಸವನ್ನು ಬರೆದವರು ದೊರೆಗಳ ಬೇಟೆಯ ವಿವರಕ್ಕೆ ಕೊಟ್ಟಷ್ಟು ಸ್ಥಳವನ್ನು ಈ ಜನರ ಚಳಿ ಜ್ವರಗಳಿಗೆ ಕೊಟ್ಟಿಲ್ಲ. ಈಗ ಕೊಯ್ಲಿಗೆ ಅಸ್ಸಾಮ್, ಝಾರ್ಖಂಡ್‌ಗಳಿಂದ ಜನರು ಬರುತ್ತಾರೆ. ಭಾಷೆ ಬೇರೆ, ಬುಟ್ಟಿ ಅದೇ. ತೋಟದೊಡೆಯರೆಂದರೆ ಬಂಗಲೆಯ ದೊರೆಗಳೆಂಬ ಭಾವನೆಯೂ ಈಗ ಸಲ್ಲದು. ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕಿಂತ ಹೆಚ್ಚಿನವು ಇಪ್ಪತ್ತೈದು ಎಕರೆಗಿಂತ ಚಿಕ್ಕವು.

ಇನ್ನು ಆ ನೆರಳಿನ ವಿಚಾರ. ಅನೇಕ ದೇಶಗಳಲ್ಲಿ ಕಾಡನ್ನು ಪೂರ್ತಿಯಾಗಿ ಕಡಿದು, ಬಯಲಿನಲ್ಲಿ ಕಾಫಿ ಬೆಳೆಯುವರು. ನಮ್ಮ ಮಲೆನಾಡಿನ ಪದ್ಧತಿ ಬೇರೆ. ಅತ್ತಿ, ಹಲಸು, ನಂದಿ, ಮತ್ತಿ, ಬೀಟೆ, ಹೊನ್ನೆ ಮೊದಲಾದ ಕಾಡಿನ ಮರಗಳನ್ನು ಮೇಲಿನ ಚಪ್ಪರವಾಗಿ ಉಳಿಸಿಕೊಂಡು, ಅವುಗಳ ಕೆಳಗೆ ಬೇಗ ಬೆಳೆಯುವ ಹಾಲವಾಣವನ್ನು ಎರಡನೆಯ ಚಪ್ಪರವಾಗಿ ನೆಟ್ಟು, ಮೂರನೆಯ ಅಂತಸ್ತಿನಲ್ಲಿ ಕಾಫಿಯನ್ನಿಡುವರು. ಮರಗಳ ಬೊಡ್ಡೆಗೆ ಮೆಣಸಿನ ಬಳ್ಳಿ. ಮಳೆಗಾಲಕ್ಕೆ ಮುಂಚೆ ಕೊಂಬೆಗಳನ್ನು ಕಡಿದು ಬೆಳಕು ಬಿಡುವರು. ಬೇಸಗೆಯ ಹೊತ್ತಿಗೆ ಚಿಗುರಿ ಮತ್ತೆ ನೆರಳಾಗುವುದು. ಎಷ್ಟು ಬೆಳಕು, ಎಷ್ಟು ನೆರಳು ಎಂಬುದನ್ನು ಅರಿತು ಮರವನ್ನು ಸವರುವುದೇ ತೋಟಗಾರನ ಮುಖ್ಯವಾದ ವಿದ್ಯೆ.

ಈ ವಿದ್ಯೆಯನ್ನು ನಮ್ಮವರು ಕಲಿತದ್ದು ಸುಲಭವಾಗಿಯಲ್ಲ. ಹೆಚ್ಚಿನ ಫಸಲಿನಾಸೆಗೆ ಕಾಡನ್ನು ಬೋಳಿಸಿದ ತೋಟಗಳಲ್ಲಿ 1860ರ ದಶಕದಲ್ಲಿ ಕಾಂಡಕೊರಕವೆಂಬ ಹುಳುವಿನ ಹಾವಳಿಯು ಮೇರೆಮೀರಿತು. ಮದರಾಸು ಸರ್ಕಾರವು ಡಾಕ್ಟರ್ ಬಿಡಿ ಎಂಬವರನ್ನು ವಿಚಾರಣೆಗೆ ನೇಮಿಸಿತು. ಅವರ ವರದಿಯು 1869ರಲ್ಲಿ ಪ್ರಕಟವಾಯಿತು. ಈ ಹುಳುವಿನ ದುಂಬಿಯು ಬಿಸಿಲನ್ನು ಪ್ರೀತಿಸುವಂಥದು. ಬಿಸಿಲು ಬಿದ್ದ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುವುದು. ಮರಿಹುಳುವು ಒಳಹೊಕ್ಕು ತಿಂಗಳುಗಟ್ಟಲೆ ಮರವನ್ನು ಕೊರೆಯುವುದು. ಹೊರಗೆ ಕಾಣುವುದು ತೊಗಟೆಯ ಮೇಲಿನ ಒಂದೆರಡು ಉಬ್ಬು ಉಂಗುರ ಮತ್ತು ಹಳದಿಗೆ ತಿರುಗಿದ ಎಲೆ ಮಾತ್ರ. ಆಗ ಗಿಡವನ್ನು ಕಿತ್ತು ಸುಡುವುದಲ್ಲದೆ ಬೇರೆ ದಾರಿಯಿಲ್ಲ. ಅದೇ 1869ರಲ್ಲಿ ಸಿಂಹಳದಲ್ಲಿ ಎಲೆತುಕ್ಕು ರೋಗವು ಗುರುತಿಸಲ್ಪಟ್ಟಿತು. ಇಪ್ಪತ್ತು ವರ್ಷಗಳೊಳಗೆ ಆ ದ್ವೀಪದ ಕಾಫಿಯು ಬಹುಮಟ್ಟಿಗೆ ನಾಶವಾಗಿ, ಅಲ್ಲಿನ ತೋಟದವರು ಚಹವನ್ನು ಹಿಡಿದರು. ನಮ್ಮಲ್ಲಿ ಹಾಗಾಗದೆ ಉಳಿದುದಕ್ಕೆ ಮರದ ನೆರಳೂ ಒಂದು ಕಾರಣ; ಇನ್ನೊಂದು ಕಾರಣವನ್ನು ನೋಡಲು ಬಾಳೆಹೊನ್ನೂರಿಗೆ ಹೋಗಬೇಕು.

ಭದ್ರಾನದಿಯ ದಡದ ಈ ಊರಿನ ಸಮೀಪದಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು 1925ರಲ್ಲಿ ಕಾಫಿ ಪ್ರಯೋಗಕ್ಷೇತ್ರವೊಂದನ್ನು ಸ್ಥಾಪಿಸಿತು. ಸಂಸ್ಥಾನದ ಕೃಷಿ ಇಲಾಖೆಯನ್ನು ಬೆಳೆಸಿದ ಲೆಸ್ಲಿ ಕೋಲ್‌ಮನ್ನರ ದೂರದೃಷ್ಟಿಯ ಫಲವಿದು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಎಲೆತುಕ್ಕಿನಲ್ಲಿ ಒಂದೇ ಅಲ್ಲ, ಹಲವು ಕುಲಗಳಿವೆಯೆಂಬುದನ್ನು ಮೇನ್ ಎಂಬ ವಿಜ್ಞಾನಿಯು 1930ರ ದಶಕದಲ್ಲಿ ಇಲ್ಲಿಯೇ ಕಂಡುಹಿಡಿದನು. ಒಂದು ತಳಿಯ ಗಿಡವು ಕೆಲವು ವರ್ಷ ರೋಗವನ್ನು ತಡೆದು ಆಮೇಲೆ ಏಕೆ ಸೋಲುವುದೆಂಬ ಒಗಟು ಅದರಿಂದ ಬಿಡಿಸಿತು. 1911ರಲ್ಲಿ ಕೆಂಟ್ ಎಂಬ ತೋಟಗಾರನು ತನ್ನ ದೊಡ್ಡೇನಗುಡ್ಡದ ತೋಟದಲ್ಲಿ ಆರಿಸಿದ ಗಿಡದ ವಂಶವನ್ನು ಬೇರೊಂದು ಮಿಶ್ರತಳಿಯೊಡನೆ ಕೂಡಿಸಿ, 1940ರ ದಶಕದಲ್ಲಿ ಇಲ್ಲಿಂದ ಹೊರಬಂದ ಎಸ್. 795 ಎಂಬ ಅರೇಬಿಕ ತಳಿಯು ಮಲೆನಾಡಿನ ತೋಟಗಳಲ್ಲಿ ಈಗಲೂ ಬೆಳೆಯುತ್ತಿದೆ. ಎಪ್ಪತ್ತೈದು ವರ್ಷಗಳಿಗೂ ಮೇಲ್ಪಟ್ಟು ಬೇಡಿಕೆಯುಳಿಸಿಕೊಂಡ ತಳಿಯು ಯಾವ ಬೆಳೆಯಲ್ಲಿಯೂ ಅಪರೂಪವೇ. ಅದರ ರುಚಿ ಬಲ್ಲವರಿಗೆ ಕಾರಣವನ್ನು ಹೇಳಬೇಕಾಗಿಲ್ಲ.

ಕಾಫಿಯ ವರ್ಷವು ಹೂಮಳೆಯಿಂದ ಮೊದಲಾಗುವುದು. ಫೆಬ್ರುವರಿಯಿಂದ ಏಪ್ರಿಲ್ಲಿನವರೆಗೆ ಯಾವಾಗಲಾದರೂ ಒಂದು ಒಳ್ಳೆಯ ಮಳೆ ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ಬೆಟ್ಟಕ್ಕೆ ಬೆಟ್ಟವೇ ಬೆಳ್ಳಗಾಗುವುದು. ಮಲ್ಲಿಗೆಯನ್ನು ನೆನಪಿಗೆ ತರುವ ಆ ಪರಿಮಳವು ಎರಡು ಮೂರು ದಿನಗಳ ಮಾತು. ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಬೆಳೆಗಾರನು ಮಗಳ ಮದುವೆಗೂ ಮಗನ ಓದಿಗೂ ಲೆಕ್ಕ ಹಾಕುವುದು ಈ ಎರಡು ಮಳೆಗಳ ಮೇಲೆ. ಅರೇಬಿಕದ ಹಣ್ಣು ಎಂಟೊಂಬತ್ತು ತಿಂಗಳಲ್ಲಿ ಮಾಗಿ ನವೆಂಬರಿನಿಂದ ಜನವರಿಯವರೆಗೆ ಕೊಯ್ಲಿಗೆ ಬರುವುದು. ರೋಬಸ್ಟ ಅದಕ್ಕಿಂತ ತಡ.

ಕೊಯ್ಲಿನ ಮರ್ಮವೆಲ್ಲ ಬಣ್ಣದಲ್ಲಿದೆ. ಒಂದೇ ಗೊಂಚಲಿನಲ್ಲಿ ಮಾಗಿದ ಹಣ್ಣೂ ಹಸಿಕಾಯಿಯೂ ಇರುವುದರಿಂದ, ಕೆಂಪಾದುದನ್ನಷ್ಟೇ ಬೆರಳ ತುದಿಯಿಂದ ಬಿಡಿಸಿ, ಅದೇ ಗಿಡಕ್ಕೆ ಮೂರು ನಾಲ್ಕು ಸಲ ಹಿಂದಿರುಗಬೇಕು. ಕೂಲಿಯ ಅಭಾವದಿಂದ ಒಂದೇ ಸಲಕ್ಕೆ ಕೊಂಬೆಯನ್ನು ಸವರಿಬಿಟ್ಟರೆ ಹಸಿಕಾಯಿಯ ಒಗರು ನಮ್ಮ ಲೋಟದವರೆಗೂ ಬರುವುದು. ಅಂದು ಕೊಯ್ದುದನ್ನು ಅಂದೇ ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆ ಬಿಡಿಸುವರು. ಒಳಗೆ ಅಂಟುಲೋಳೆಯಿಂದ ಕೂಡಿದ ಜೋಡಿ ಬೀಜಗಳು. ತೊಟ್ಟಿಯಲ್ಲಿ ಒಂದು ದಿನ, ಒಂದೂವರೆ ದಿನ ಹುಳಿಯಬಿಟ್ಟು ತೊಳೆದರೆ ಲೋಳೆಯು ಹೋಗಿ, ತೆಳುವಾದ ಹೊಟ್ಟಿನೊಳಗಿನ ಬೀಜವುಳಿಯುವುದು. ವ್ಯಾಪಾರದಲ್ಲಿ ಇದಕ್ಕೆ ಪಾರ್ಚ್‌ಮೆಂಟ್ ಎಂದು ಹೆಸರು. ಸಿಪ್ಪೆಸಹಿತವಾಗಿಯೇ ಹಣ್ಣನ್ನು ಒಣಗಿಸಿದರೆ ಅದು ಚೆರ್ರಿ. ಕಣದಲ್ಲಿ ದಿನವೆಲ್ಲ ಗೋರೆಯಿಂದ ತಿರುವುತ್ತ, ಸಂಜೆಗೆ ಗುಡ್ಡೆಮಾಡಿ ಮುಚ್ಚುತ್ತ ಒಣಗಿಸುವರು. ಐದಾರು ಕಿಲೋ ಹಣ್ಣಿಗೆ ಒಂದು ಕಿಲೋ ಬೀಜ. ಡಿಸೆಂಬರಿನಲ್ಲಿ ಅಕಾಲದ ಮಳೆ ಬಂದು ಕಣದ ಮೇಲಿನ ಕಾಫಿ ನೆನೆದರೆ ವರ್ಷದ ದುಡಿಮೆಯು ಬೂಸಲು ಹಿಡಿಯುವುದು. ಇತ್ತೀಚಿನ ವರ್ಷಗಳಲ್ಲಿ ಹಾಗಾಗುವುದು ಅಪರೂಪವಾಗಿಲ್ಲ.

ಚಿಕ್ಕಮಗಳೂರಿಗೆ ಸಮೀಪದ ಒಂದು ಚಿಕ್ಕ ತೋಟದ ಮನೆಯಲ್ಲಿ ವಯಸ್ಸಾದ ಗೃಹಿಣಿಯೊಬ್ಬರು ನಮಗೆ ಬೆಲ್ಲದ ಕಾಫಿಯನ್ನು ಕೊಟ್ಟರು. ಹಾಲಿಲ್ಲ, ಬೆಲ್ಲ ಹಾಕಿ ಕುದಿಸಿದ ನೀರಿಗೆ ಪುಡಿ ಬೆರೆಸಿ, ಬಟ್ಟೆಯಲ್ಲಿ ಸೋಸಿದ್ದು. “ಒಳ್ಳೆ ಬೀಜ ಮಾರಾಟಕ್ಕೆ. ಇದು ನೆಲಕ್ಕೆ ಬಿದ್ದಿದ್ದನ್ನ ಆರಿಸಿ ಹುರಿದದ್ದು, ತಗೊಳ್ಳಿ” ಎಂದರು. ಅಂಗಳದ ಮೂಲೆಯಲ್ಲಿ ಕಿತ್ತ ಕಾಫಿಗಿಡಗಳ ರಾಶಿ ಬಿದ್ದಿತ್ತು. ಅವುಗಳ ಕಾಂಡದ ಮೇಲೆ ಆ ಉಂಗುರಗಳು. ಎಷ್ಟು ಗಿಡ ಹೋದವೆಂದು ಕೇಳಿದುದಕ್ಕೆ ಅವರ ಮಗನು, “ಈ ವರ್ಷ ಎಣಿಸೋದನ್ನೇ ಬಿಟ್ವಿ” ಎಂದನು. ಖಾಲಿಯಾದ ಜಾಗದಲ್ಲಿ ಅರೇಬಿಕವನ್ನು ನೆಡುವರೆ ಎಂಬ ಪ್ರಶ್ನೆಗೆ ಉತ್ತರವಾಗಿ ರೋಬಸ್ಟದ ಸಸಿಗಳ ತೊಟ್ಟೆಗಳನ್ನು ತೋರಿಸಿದನು.

ಈ ಬದಲಾವಣೆಯು ಅವನೊಬ್ಬನದಲ್ಲ. 1950-51ರಲ್ಲಿ ಭಾರತದ ಇಡೀ ಫಸಲು ಸುಮಾರು 19,000 ಟನ್; ಅದರಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಅರೇಬಿಕ. ಇಂದು ಫಸಲು ಮೂರೂವರೆ ಲಕ್ಷ ಟನ್ನಿನ ಸುಮಾರು. ಮೂರರಲ್ಲಿ ಎರಡು ಪಾಲಿಗೂ ಮಿಕ್ಕದ್ದು ರೋಬಸ್ಟ. ರೋಬಸ್ಟವು ಗಟ್ಟಿಗ, ಕಾಂಡಕೊರಕಕ್ಕೆ ಬಗ್ಗದು, ತುಕ್ಕಿಗೆ ಸುಲಭವಾಗಿ ಸೋಲದು, ಇಳುವರಿಯೂ ಹೆಚ್ಚು. 2024ರಲ್ಲಿ ಅದರ ಬೆಲೆಯು ಹಿಂದೆಂದೂ ಕಾಣದ ಮಟ್ಟಕ್ಕೇರಿತು. ಬೆಳೆಗಾರನನ್ನು ದೂರುವ ಹಕ್ಕು ನಮಗಿಲ್ಲ. ಆದರೆ ಅರೇಬಿಕದಷ್ಟು ನೆರಳು ಅದಕ್ಕೆ ಬೇಡವಾದುದರಿಂದ ಮೇಲಿನ ಚಪ್ಪರವು ತೆಳುವಾಗುತ್ತದೆ. ಉಳಿದಲ್ಲಿಯೂ ಅತ್ತಿ, ಹಲಸುಗಳ ಸ್ಥಾನದಲ್ಲಿ ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ನೇರವಾಗಿ ಕಂಬಗಳಂತೆ ನಿಂತಿದೆ. ಮೆಣಸಿನ ಬಳ್ಳಿಗೂ ಅನುಕೂಲ, ಕಡಿದು ಮಾರುವುದಕ್ಕೂ ಸುಲಭ. ಹಕ್ಕಿಗೆ ಮಾತ್ರ ಅದರಲ್ಲಿ ತಿನ್ನಲು ಹಣ್ಣಿಲ್ಲ.

ಇದರಿಂದ ಪಟ್ಟಣದ ಗೃಹಸ್ಥನಿಗೆ ಏನು ಎಂದು ಕೇಳುವವರು ಭೂಪಟವನ್ನು ನೋಡಬೇಕು. ಈ ಬೆಟ್ಟಗಳಲ್ಲಿ ಹುಟ್ಟುವ ಯಗಚಿಯು ಹೇಮಾವತಿಯನ್ನು ಸೇರುವುದು. ಮೂಡಿಗೆರೆ ಸೀಮೆಯಲ್ಲಿ ಹುಟ್ಟುವ ಹೇಮಾವತಿಯು ಕೃಷ್ಣರಾಜಸಾಗರದಲ್ಲಿ ಕಾವೇರಿಯೊಡನೆ ಕೂಡುವುದು. ಕಾವೇರಿಯಂತೂ ಕೊಡಗಿನ ತೋಟಗಳ ನಡುವಿನಿಂದಲೇ ಬರುವವಳು. ಮರದ ಬೇರು, ತರಗೆಲೆ, ಮೆದುಮಣ್ಣು ಇವು ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಗೆಗೆ ಬಿಡುತ್ತವೆ. 1974ರಿಂದ ಕಾವೇರಿಯ ನೀರನ್ನು ಕುಡಿಯುತ್ತಿರುವ ಬೆಂಗಳೂರಿನ ಮನೆಯಲ್ಲಿ ಫಿಲ್ಟರಿನೊಳಗಿನ ಪುಡಿಯೂ ಅದರ ಮೇಲೆ ಸುರಿಯುವ ನೀರೂ ಒಂದೇ ಬೆಟ್ಟದ ಸಾಲಿನಿಂದ ಬಂದವು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ತೋಟ ಮನೆಗಳು ಕೊಚ್ಚಿಹೋದ ಮೇಲೆ, ನೆರಳು ಮರದ ಮಾತನ್ನು ಅಲ್ಲಿ ಯಾರೂ ಹಗುರವಾಗಿ ಆಡುವುದಿಲ್ಲ.

ತೋಟದಿಂದ ಕಾಫಿಯು ಚಿಕ್ಕಮಗಳೂರು, ಹಾಸನ, ಮಂಗಳೂರು ಮೊದಲಾದೆಡೆಗಳ ಕ್ಯೂರಿಂಗ್ ಕಾರ್ಖಾನೆಗಳಿಗೆ ಹೋಗುವುದು. ಅಲ್ಲಿ ಹೊಟ್ಟು ತೆಗೆದು, ಜರಡಿಯಾಡಿಸಿ, ಗಾತ್ರಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸುವರು. ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ದುಂಡಾಗಿ ಬೆಳೆದಿದ್ದರೆ ಅದು ಪೀಬೆರಿ. ಮಂಗಳೂರಿನ ಕಡಲತಡಿಯಲ್ಲಿ ನಡೆಯುವ ಇನ್ನೊಂದು ಕೆಲಸ ಮಾತ್ರ ಕುತೂಹಲಕಾರಿ. ಹಿಂದೆ ಹಾಯಿಹಡಗುಗಳು ಆಫ್ರಿಕದ ತುದಿಯನ್ನು ಸುತ್ತಿ ಐರೋಪ್ಯ ದೇಶಗಳನ್ನು ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಆ ತೇವದಲ್ಲಿ ಬೀಜವು ಉಬ್ಬಿ, ಬಣ್ಣ ಮಾಸಿ, ಹುಳಿ ಕಳೆದುಕೊಂಡು ಒಂದು ಬಗೆಯ ಸೌಮ್ಯ ರುಚಿಯನ್ನು ಪಡೆಯುತ್ತಿತ್ತು. 1869ರಲ್ಲಿ ಸುಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಬಂದು, ಪ್ರಯಾಣವು ಚಿಕ್ಕದಾದ ಮೇಲೆ ಆ ರುಚಿಯು ತಪ್ಪಿಹೋಯಿತು. ಗಿರಾಕಿಗಳು ಹಳೆಯದನ್ನೇ ಬೇಡಿದರು. ಅದಕ್ಕಾಗಿ ಮುಂಗಾರಿನ ತಿಂಗಳುಗಳಲ್ಲಿ ಪಕ್ಕಗಳು ತೆರೆದ ಉಗ್ರಾಣಗಳಲ್ಲಿ ಬೀಜವನ್ನು ಹರಡಿ ಕಡಲಗಾಳಿಯನ್ನು ಕುಡಿಸುವ ಪದ್ಧತಿ ಹುಟ್ಟಿತು. ಕೆಟ್ಟದ್ದೆನ್ನಬಹುದಾಗಿದ್ದ ರುಚಿಯನ್ನು ಶ್ರಮಪಟ್ಟು ತಯಾರಿಸುವ ಈ ವ್ಯಾಪಾರವನ್ನು ನೋಡಿದರೆ ನಾಲಿಗೆಯ ಹಟ ಎಂಥದೆಂದು ತಿಳಿಯುವುದು.

ನಮ್ಮ ಫಸಲಿನ ಹೆಚ್ಚಿನ ಪಾಲು ಇಂದಿಗೂ ಹೊರದೇಶಕ್ಕೆ ಹೋಗುತ್ತದೆ. ನಾಡಿನವರು ಕುಡಿಯಲಿ ಎಂಬ ಯೋಚನೆಯೂ ಹೊರಗಿನ ಪೇಟೆ ಕುಸಿದಾಗ ಬಂದದ್ದೇ. ಆಗಿನ ಕಾಫಿ ಸೆಸ್ ಸಮಿತಿಯು 1936ರಲ್ಲಿ ಮುಂಬಯಿಯಲ್ಲಿ ಇಂಡಿಯಾ ಕಾಫಿ ಹೌಸನ್ನು ತೆರೆಯಿತು. ಯುದ್ಧದಿಂದ ರಫ್ತು ನಿಂತಾಗ 1942ರ ಕಾನೂನಿನ ಮೇರೆಗೆ ಕಾಫಿ ಮಂಡಳಿಯು ಎಲ್ಲರ ಫಸಲನ್ನೂ ಒಟ್ಟುಗೂಡಿಸಿ ಮಾರತೊಡಗಿತು. ಬೆಳೆಗಾರನು ತನ್ನ ಕಾಫಿಯನ್ನು ತಾನೇ ಮಾರುವ ಸ್ವಾತಂತ್ರ್ಯವನ್ನು ಪೂರ್ಣವಾಗಿ ಪಡೆದದ್ದು 1996ರಲ್ಲಿ. 1957ರಲ್ಲಿ ಮಂಡಳಿಯು ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸಗಾರರೇ ಸಹಕಾರ ಸಂಘವನ್ನು ಕಟ್ಟಿಕೊಂಡು ನಡೆಸಿದರು. ಅಂಥ ಮೊದಲ ಸಂಘವು ಬೆಂಗಳೂರಿನದು. ಬೆಂಗಳೂರಿನಲ್ಲಿಯೇ 1924ರಲ್ಲಿ ಆರಂಭವಾದ ಮಾವಳ್ಳಿಯ ಪ್ರಸಿದ್ಧ ಉಪಾಹಾರಗೃಹದ ಮೊದಲ ಹೆಸರು ‘ಬ್ರಾಹ್ಮಣ ಕಾಫಿ ಕ್ಲಬ್’. ಸೂಫಿಯು ತಂದ, ಎಲ್ಲ ಜಾತಿಯವರ ಕೈಯಿಂದ ಕೊಯ್ದ ಬೀಜವನ್ನು ಜಾತಿಯ ಫಲಕದ ಕೆಳಗೆ ಮಾರುತ್ತಿದ್ದ ಕಾಲವೊಂದಿತ್ತು. ಇಂದು ಅದೇ ಊರಿನಲ್ಲಿ ಪರಸ್ಪರ ಜಾತಿಯನ್ನು ಕೇಳದ ಇಬ್ಬರು ಸ್ನೇಹಿತರು ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಸಿ ‘ಬೈ-ಟೂ’ ಎಂದು ಕುಡಿಯುವರು.

ಇನ್ನು ಮನೆಯ ಸಲಕರಣೆಗಳು. ಹಿಂದೆ ಹಸಿಬೀಜವನ್ನೇ ಕೊಂಡು, ಕೆಂಡದ ಮೇಲೆ ಹಿಡಿಕೆಯಿಂದ ತಿರುಗಿಸುವ ಉರುಳೆಯಲ್ಲಿ ಹುರಿದು, ಮೇಜಿನಂಚಿಗೆ ತಿರುಪಿನಿಂದ ಬಿಗಿದ ಕೈಯಂತ್ರದಲ್ಲಿ ಪುಡಿಮಾಡುವ ಮನೆಗಳು ಬೇಕಾದಷ್ಟಿದ್ದವು. ಹುರಿದಾಗ ಬೀಜದ ತೂಕವು ನೂರಕ್ಕೆ ಹದಿನೈದಿಪ್ಪತ್ತರಷ್ಟು ಇಳಿಯುವುದು, ಪರಿಮಳವು ಏಳುವುದು. ಆದರೆ ಪುಡಿಮಾಡಿದ ಕ್ಷಣದಿಂದ ಆ ಪರಿಮಳವು ಓಡಿಹೋಗತೊಡಗುವುದು. ಕೈಯಂತ್ರವನ್ನು ಅಟ್ಟಕ್ಕೇರಿಸಿದವರು ಅದನ್ನು ಮತ್ತೆ ಇಳಿಸಿದರೆ ನಷ್ಟವಾಗಲಾರದು.

ಫಿಲ್ಟರಿನ ರಚನೆಯು ಸರಳ: ಒಂದರ ಮೇಲೊಂದು ಕೂರುವ ಎರಡು ಪಾತ್ರೆಗಳು, ಮೇಲಿನದರ ತಳದಲ್ಲಿ ಸಣ್ಣ ರಂಧ್ರಗಳು, ಪುಡಿಯನ್ನು ಅದುಮಲು ಹಿಡಿಯುಳ್ಳ ಒಂದು ತೂತುಬಿಲ್ಲೆ, ಮುಚ್ಚಳ. 1800ರ ಸುಮಾರಿಗೆ ಪ್ಯಾರಿಸಿನಲ್ಲಿ ರೂಢಿಗೆ ಬಂದ ಎರಡಂತಸ್ತಿನ ಸೋಸುಪಾತ್ರೆಯನ್ನು ಇದು ಹೋಲುತ್ತದೆ. ವಿಯೆಟ್ನಾಮಿನ ಸೋಸುವ ಬಟ್ಟಲೂ ಇದರ ಹತ್ತಿರದ ನೆಂಟ. ತುರ್ಕರು ಹಿಟ್ಟಿನಂಥ ಪುಡಿಯನ್ನು ಉದ್ದ ಹಿಡಿಯ ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಸೋಸದೆ ಕುಡಿಯುವರು. ಯೆಮನಿನವರು ಹಣ್ಣಿನ ಒಣಸಿಪ್ಪೆಯನ್ನೇ ಶುಂಠಿಯೊಡನೆ ಕುದಿಸುವರು. ಇಟಲಿಯವರು ಒತ್ತಡದಿಂದ ಕ್ಷಣಮಾತ್ರದಲ್ಲಿ ಇಳಿಸುವರು. ನಮ್ಮ ಫಿಲ್ಟರಿಗೆ ಬೇಕಾದುದು ತಾಳ್ಮೆಯೊಂದೇ. ಪುಡಿಯನ್ನು ಹಗುರವಾಗಿ ಅದುಮಿ, ಕುದಿಯುವ ನೀರನ್ನು ಮೊದಲು ಸ್ವಲ್ಪವೇ ಹಾಕಿ ಪುಡಿಯು ನೆನೆದ ಬಳಿಕ ಉಳಿದುದನ್ನು ಸುರಿದು, ತಟ್ಟದೆ, ಕುಲುಕದೆ ಕಾಲುಗಂಟೆಗೂ ಮಿಕ್ಕು ಬಿಡಬೇಕು. ಇಳಿದ ಡಿಕಾಕ್ಷನ್ನನ್ನು ಒಲೆಯ ಮೇಲಿಟ್ಟು ಕುದಿಸಿದರೆ ಕಹಿಯೇಳುವುದು, ಬಿಸಿಯಾಗಬೇಕಾದುದು ಹಾಲು. ರಂಧ್ರಗಳು ಕಟ್ಟಿಕೊಂಡರೆ ಬರಿಯ ಪಾತ್ರೆಯ ತಳವನ್ನು ಉರಿಗೆ ಹಿಡಿದು ಸುಡುವ ಅಜ್ಜಿಯರ ಉಪಾಯವು ಉತ್ತಮವಾದುದು. ಹಿತ್ತಾಳೆಯದಾದರೆ ಕಲಾಯಿ ಸವೆದಿದೆಯೇ ಎಂದು ಆಗಾಗ ನೋಡಿಕೊಳ್ಳಬೇಕು.

ಉಳಿದುದು ಚಿಕೋರಿಯ ಮಾತು. ಇದು ಕಾಫಿಯ ಜಾತಿಯದೇ ಅಲ್ಲ. ಒಂದು ಗಿಡದ ಬೇರು. ನಮ್ಮ ದೇಶದಲ್ಲಿ ಗುಜರಾತು, ಉತ್ತರಪ್ರದೇಶಗಳಲ್ಲಿ ಬೆಳೆಯುವುದು. ನೆಪೋಲಿಯನ್ನನ ಕಾಲದ ದಿಗ್ಬಂಧನದಿಂದ ಕಾಫಿ ಬಾರದಾದಾಗ ಫ್ರಾನ್ಸಿನಲ್ಲಿ ಇದರ ಬಳಕೆ ಹಬ್ಬಿತು. ಹುರಿದು ಪುಡಿಮಾಡಿ ಬೆರೆಸಿದರೆ ಬಣ್ಣವೂ ದಪ್ಪವೂ ಬರುವುದು, ಖರ್ಚು ಇಳಿಯುವುದು. ನೂರಕ್ಕೆ ಹತ್ತಿಪ್ಪತ್ತರಷ್ಟು ಬೆರೆಸಿದ ರುಚಿಯನ್ನೇ ಬಯಸುವವರ ಮೇಲೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಮಿಶ್ರಣದಲ್ಲಿ ಕಾಫಿಯು ನೂರಕ್ಕೆ 51ರಷ್ಟಿದ್ದರೆ ಸಾಕೆಂದು ಕಾನೂನು ಅನುಮತಿಸುವುದು. ಪೊಟ್ಟಣದ ಮೇಲೆ ಪ್ರಮಾಣವನ್ನು ಮುದ್ರಿಸಲೇಬೇಕು. ಬಹಳ ಮನೆಗಳಲ್ಲಿ ಆ ಸಣ್ಣ ಅಕ್ಷರಗಳನ್ನು ಓದುವವರಿಲ್ಲ. ಹೀಗೆ ಅರ್ಧಕ್ಕೆ ಅರ್ಧ ಬೇರಿನ ಕಷಾಯವನ್ನು ಕುಡಿಯುತ್ತ, ಈಗಿನ ಕಾಫಿಯಲ್ಲಿ ಹಿಂದಿನ ಸತ್ತ್ವವಿಲ್ಲವೆಂದು ನಿಟ್ಟುಸಿರಿಡುವವರುಂಟು. ಸಂಶಯವಿದ್ದವರು ಗಾಜಿನ ಲೋಟದ ತಣ್ಣೀರಿನ ಮೇಲೆ ಒಂದು ಚಿಟಿಕೆ ಪುಡಿಯನ್ನು ಉದುರಿಸಲಿ: ಕಾಫಿಯು ತೇಲುವುದು, ಚಿಕೋರಿಯು ಕಂದುಬಣ್ಣದ ಗೆರೆಗಳನ್ನು ಎಳೆಯುತ್ತ ಮುಳುಗುವುದು.

ಬೀಜವನ್ನು ಕಣ್ಣೆದುರಿಗೆ ಹುರಿದು ಪುಡಿಮಾಡಿಕೊಡುವ ಅಂಗಡಿಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ಅಲ್ಲಿ ಪೀಬೆರಿ ಎಷ್ಟು, ಪ್ಲಾಂಟೇಶನ್ ಎ ಎಷ್ಟು, ರೋಬಸ್ಟ ಎಷ್ಟೆಂದು ಕೇಳಿದರೆ ಹೇಳುವರು. ಚಿಕೋರಿ ಬೇಡವೆಂದರೆ ಬೆರೆಸರು. ಪೊಟ್ಟಣದ ಮೇಲೆ ತಳಿಯನ್ನೂ ಊರನ್ನೂ ಹುರಿದ ತಾರೀಖನ್ನೂ ಬರೆ‌ದು ಅಂಚೆಯ ಮೂಲಕ ಮನೆಗೇ ಕಳುಹಿಸುವ ಬೆಳೆಗಾರರೂ ಈಚೆಗೆ ಮುಂದೆ ಬಂದಿದ್ದಾರೆ. 2019ರಲ್ಲಿ ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕೊಡಗುಗಳ ಅರೇಬಿಕಕ್ಕೆ ಭೌಗೋಳಿಕ ಗುರುತು ಸಂದಿರುವುದರಿಂದ ಈ ಹೆಸರುಗಳನ್ನು ಬೇರೆಡೆಯ ಬೀಜಕ್ಕೆ ಹಚ್ಚುವಂತಿಲ್ಲ. ಇಂಥ ಕಾಫಿಯ ಬೆಲೆ ಸ್ವಲ್ಪ ಹೆಚ್ಚು. ಮಗನು ತೋರಿಸಿದ ರೋಬಸ್ಟದ ಸಸಿಗಳನ್ನು ನೋಡುತ್ತ ಆ ತೋಟದ ಗೃಹಿಣಿಯು, ಮನೆಯ ಹಿಂದಿನ ಅರ್ಧ ಎಕರೆಯಲ್ಲಿ ಮಾತ್ರ ಅರೇಬಿಕವನ್ನೇ ಉಳಿಸಬೇಕೆಂದು ಹಟ ಹಿಡಿದಿದ್ದರು. ಆ ಗಿಡಗಳ ಕಾಂಡಗಳನ್ನು ಗೋಣಿಯ ತುಂಡಿನಿಂದ ಉಜ್ಜಿ ಸುಣ್ಣ ಬಳಿದಿದ್ದು ನಮಗೆ ಕಾಣುತ್ತಿತ್ತು.